ಸೀಮೆಎಣ್ಣೆಯೋ, ಚಿಮಣಿ ಎಣ್ಣಿಯೋ?

ವ್ಯಾಪಾರದ ಮಾತುಗಳ ಅನುವಾದ ಎಂಬುದು ಇವತ್ತಿನ ವಿಷಯ. ರೀವ್, ಕಿಟೆಲ್, ನಮ್ಮ ಜಿ. ವೆಂಕಟಸುಬ್ಬಯ್ಯ ಇವರ ನಿಘಂಟುಗಳ ಕಥೆ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ಒಂದೇ ಪದ ಹಿಡಿದು ಕೂರುತ್ತೇನೆ: ಸೀಮೆ.

ಸೀಮೆ ಎಂದರೆ ಗಡಿ, ನಾಡು. ಹೊಸ ಸರಕು ಬಂದಾಗ ನಮ್ಮ ಜನ ಆ ಪದಕ್ಕೆ ‘ಪರದೇಶದ್ದು’ ಎಂಬ ಅರ್ಥವನ್ನೂ ಹೊರಿಸಿದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಇವನ್ನು ಯಾವ ಸಮಿತಿಯೂ ಮಾಡಿಕೊಡಲಿಲ್ಲ. ಸೀಮೆಬದನೆ ಮೆಕ್ಸಿಕೋ ಕಡೆಯ ಕಾಯಿ. ಕೊಳ್ಳುವವಳಿಗೆ ಆ ಊರು ಬೇಕಿರಲಿಲ್ಲ, ಇಲ್ಲಿಯದಲ್ಲ ಎಂದು ತಿಳಿದರೆ ಸಾಕಿತ್ತು. ಫ್ರೆಂಚರೂ ಹೀಗೇ. ಅಮೆರಿಕದಿಂದ ಬಂದ ಕೋಳಿಗೆ ‘ಭಾರತದ ಕೋಳಿ’ ಎಂದರು, ಅದೇ ಸವೆದು ‘ದ್ಯಾಂದ್’ ಆಯಿತು. ಇಂಗ್ಲಿಷರು ಅದೇ ಕೋಳಿಯನ್ನು ಟರ್ಕಿ ಎಂದರು!

ನಮ್ಮ ಮಾಸ್ತರೊಬ್ಬರು ಧಾರವಾಡದವರು. ನಾನು ಹಳೇ ಮೈಸೂರಿನವನು. ಸೀಮೆಸುಣ್ಣ ಎಂದರೆ “ಖಡು ಅನ್ನೋ” ಎಂದು ತಿದ್ದುವರು. ಸೀಮೆಎಣ್ಣೆ ಅವರಿಗೆ ಚಿಮಣಿ ಎಣ್ಣಿ. “ಎಲ್ಲಿಂದ ಬಂತು ಅನ್ನೋದು ಸಾವಕಾರನ ಚಿಂತಿ. ಎದರಾಗ ಉರೀತದ ಅನ್ನೋದು ಮನಿಯವರ ಮಾತು” ಎಂದು ವಾದಿಸುವರು. ಇಲ್ಲಿ ದೆಹಲಿಯಲ್ಲಿ ‘ಮಿಟ್ಟಿ ಕಾ ತೇಲ್’ ಎಂದು ಕೇಳಿದಾಗಲೆಲ್ಲ ಅವರ ನೆನಪಾಗುತ್ತದೆ. ಹಿಂದಿಯವರು ಅದು ಹುಟ್ಟಿದ ಮಣ್ಣನ್ನು ನೋಡಿದರು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ಫ್ರಾನ್ಸಿನ 1994ರ ಟೂಬೋಂ ಕಾಯಿದೆ ಮಾರುವ ಸರಕಿನ ಹೆಸರು, ವಿವರ ಫ್ರೆಂಚಿನಲ್ಲಿರಲೇಬೇಕು ಎನ್ನುತ್ತದೆ. ನಮ್ಮಲ್ಲಿ ಕೇಂದ್ರದ 2011ರ ಪೊಟ್ಟಣ ನಿಯಮಕ್ಕೆ ಹಿಂದಿ ಇಲ್ಲವೇ ಇಂಗ್ಲಿಷ್ ಇದ್ದರೆ ಸಾಕು, ಬೇರೆ ಭಾಷೆ ಬೇಕಾದರೆ ಸೇರಿಸಬಹುದು. ಕರ್ನಾಟಕದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆ ಕನ್ನಡವನ್ನೂ ಕೇಳುತ್ತದೆ. ಸಂತೋಷ. ಆದರೆ ಯಾವ ಕನ್ನಡ? ‘ರಿಫೈನ್ಡ್ ಸನ್‌ಫ್ಲವರ್ ಆಯಿಲ್’ ಎಂದು ನಮ್ಮ ಅಕ್ಷರದಲ್ಲಿ ಅಚ್ಚಾದರೆ ಅದನ್ನು ಕನ್ನಡವೆಂದು ನಾನು ಒಪ್ಪುವುದಿಲ್ಲ. ಸೂರ್ಯಕಾಂತಿ ಎಣ್ಣೆ ಎಂದು ಅಡುಗೆಮನೆಗಳು ಯಾವಾಗಲೋ ತೀರ್ಮಾನಿಸಿವೆ.

ಇಷ್ಟು ಹೇಳಿಯೂ ನನಗೆ ನೆಮ್ಮದಿಯಿಲ್ಲ. ಬ್ರೊಕೊಲಿ ಬಂದಾಗ ಅದನ್ನು ಸೀಮೆ ಹೂಕೋಸು ಎನ್ನಲು ನಮಗೇಕೆ ಬಾಯಿ ಬರಲಿಲ್ಲ? ಅಂಗಡಿ ಕೈಬಿಟ್ಟ ಕೆಲಸವನ್ನು ಕಾಯಿದೆ ಮಾಡೀತೇ? ಮಾಡಿದರೂ, ಲೇಬಲ್ಲಿನ ಮೇಲೆ ನನ್ನ ಸೀಮೆಎಣ್ಣೆ ಬರಬೇಕೋ, ಮಾಸ್ತರರ ಚಿಮಣಿ ಎಣ್ಣಿ ಬರಬೇಕೋ? ಮೈಸೂರು, ಧಾರವಾಡ, ಮಂಗಳೂರಿನವರು ಒಂದೇ ಅಪಾರ್ಟ್‌ಮೆಂಟಿನಲ್ಲಿರುವ ಈ ಮಯೂರ್ ವಿಹಾರದಲ್ಲಿ ನಿಮ್ಮ ಮಕ್ಕಳು ಯಾವುದನ್ನು ಹೇಳುತ್ತಾರೆ?