ಫಲಕ ಬರೆದರೆ ಸಾಲದು, ಓದಲು ಕಲಿಸಬೇಕು



ಪೀಣ್ಯದಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಚಹಾದಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಕನ್ನಡದೊಂದಿಗೆ ತಮಿಳು, ತೆಲುಗು, ದಖನಿ, ಹಿಂದಿ, ಒಡಿಯಾ, ಬಂಗಾಳಿ ಕಿವಿಗೆ ಬೀಳುತ್ತವೆ. "ಭಯ್ಯಾ, ಲೇತ್ ಆಫ್ ಮಾಡಿ" ಎಂಬ ಮಾತನ್ನು ಯಾವ ಭಾಷೆಗೆ ಸೇರಿಸೋಣ? ಆದರೆ ಸಕಾಲದಲ್ಲಿ ಅರ್ಥವಾದರೆ ಅದು ಒಬ್ಬ ಕಾರ್ಮಿಕನ ಕೈಯನ್ನು ಉಳಿಸುತ್ತದೆ.

ಇದನ್ನು ಬೆರಕೆಯೆಂದು ಹೀಯಾಳಿಸುವವರಿದ್ದಾರೆ. ಆದರೆ ಜಮೀನು, ಅರ್ಜಿ, ವಕೀಲ, ತಾಲೂಕು ಇವೆಲ್ಲ ಅರಬಿ-ಫಾರಸಿಯಿಂದ ಬಂದ ಪದಗಳೇ. ಇಂತಹವನ್ನು ಹೊರಹಾಕಿದರೆ ನಾಡಿನ ರೈತ ತನ್ನ ಹೆಸರನ್ನೇ ಕಳೆದುಕೊಳ್ಳುತ್ತಾನೆ! ದಖನಿಯೂ ಕನ್ನಡ, ತೆಲುಗು, ಮರಾಠಿಗಳ ನೆರೆಯಲ್ಲಿ ಬೆಳೆದ ಭಾಷೆ. ಆದಿಲ್‌ಶಾಹಿಗಳ ವಿಜಾಪುರದಲ್ಲಿ ಅದು ಸಾಹಿತ್ಯದ ಭಾಷೆಯಾಗಿತ್ತು. ಇಂದು ಅದನ್ನು 'ಕೆಟ್ಟ ಉರ್ದು' ಎಂದು ನಮ್ಮವರೇ ನಾಚುವುದು ವಿಷಾದನೀಯ.

1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನದ ಹತ್ತು ನಿಮಿಷದ ಉರ್ದು ವಾರ್ತೆಯ ವಿಷಯದಲ್ಲಿ ಈ ನಗರ ಹೊತ್ತಿ ಉರಿಯಿತು. ಇಪ್ಪತ್ತಕ್ಕೂ ಹೆಚ್ಚು ಜೀವಗಳು ಬಲಿಯಾದವು. ತಪ್ಪು ಕನ್ನಡದ್ದೂ ಅಲ್ಲ, ಉರ್ದುವಿನದೂ ಅಲ್ಲ. ಭಾಷೆಯನ್ನು ದ್ವೇಷದ ಆಯುಧವಾಗಿಸಿದ ರಾಜಕೀಯದ್ದು.

ಹಾಗೆಂದು ನಾವು ಆತ್ಮಾವಲೋಕನದಿಂದ ನುಣುಚಿಕೊಳ್ಳಬಾರದು. ಅನೇಕ ಮನೆಗಳಲ್ಲಿ ಕನ್ನಡ ಇಂದಿಗೂ ವ್ಯಾಪಾರದ ಮಾತಾಗಿದೆಯೇ ಹೊರತು ಓದುಬರಹದ ಭಾಷೆಯಾಗಿಲ್ಲ. ಅರ್ಜಿ ಬರೆಸಲು, ನೋಟಿಸು ಓದಿಸಲು ಇನ್ನೊಬ್ಬರ ಬಾಗಿಲು ತಟ್ಟುವವನು ತನ್ನ ಹಕ್ಕನ್ನು ಹೇಗೆ ಕೇಳಿಯಾನು? ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಕನ್ನಡಿಗರೆಲ್ಲರ ಕವಿಯಾದರು. ದಖನಿಯ ಮನೆಯಿಂದ ಬಂದ ಬಾನು ಮುಷ್ತಾಕ್ ಕನ್ನಡದಲ್ಲಿ ಬರೆದ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದವು. ಮನೆಮಾತನ್ನು ತೊರೆಯದೆಯೂ ಕನ್ನಡವನ್ನು ತಮ್ಮದಾಗಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಇದು ಸ್ವಾಗತಾರ್ಹ. ಆದರೆ ಆ ಫಲಕವನ್ನು ಓದಲು ಒಡಿಶಾ, ಬಿಹಾರಗಳಿಂದ ಬಂದ ಕಾರ್ಮಿಕನಿಗೆ ಕಲಿಸುವವರು ಯಾರು? ಹಲ್ಲೆಯಿಂದ, ಅವಮಾನದಿಂದ ಯಾರೂ ಭಾಷೆ ಕಲಿಯುವುದಿಲ್ಲ. ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಅಕ್ಷರ ಕಲಿಸುವ ಏರ್ಪಾಡು ಬೇಕು. ಯಂತ್ರದ ಪಕ್ಕದ ಎಚ್ಚರಿಕೆ ಕನ್ನಡದಲ್ಲಿಯೂ ಇರಬೇಕು, ಆ ಯಂತ್ರವನ್ನು ನಡೆಸುವವನ ಭಾಷೆಯಲ್ಲಿಯೂ ಇರಬೇಕು.

ಮಸೀದಿಯ ಅಂಗಳ, ಸಂಘದ ಕಟ್ಟಡ, ಶಾಲೆಯ ಖಾಲಿ ಕೊಠಡಿ, ಎಲ್ಲಿ ಜಾಗವಿದೆಯೋ ಅಲ್ಲಿಂದಲೇ ಈ ಕೆಲಸ ಆರಂಭವಾಗಲಿ. ಸರಕಾರವನ್ನು ಒತ್ತಾಯಿಸೋಣ, ಆದರೆ ಸರಕಾರಕ್ಕಾಗಿ ಕಾಯದಿರೋಣ.