ನಿಲ್ಲಿಸುವ ವಿದ್ಯೆ



ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು ಕಾರಿನ ಬ್ರೇಕಿನ ವಿಚಾರವಾಗಿ ಮಾತನಾಡಹೊರಟಿರುವುದು ನಿಮಗೆ ತುಸು ವಿಚಿತ್ರವಾಗಿ ತೋರಬಹುದು. ಆದರೆ ನಾನು ಹೇಳಿದ ಪಾಠಗಳಿಗಿಂತ ಮಿಗಿಲಾದ ಒಂದು ಪಾಠವನ್ನು ನನಗೆ ಕಲಿಸಿದ್ದು, ಕೊಪ್ಪಳದ ನಮ್ಮ ಮನೆಯಂಗಳದಲ್ಲಿ ನಿಂತಿರುವ ಹಳೆಯ ಅಂಬಾಸಡರ್ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತ ಬಂದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತಿತು. ಉಳಿದ ಗಾಡಿಗಳನ್ನು ಸಾಕಿಕೊಂಡಿರುವ ಹುಚ್ಚರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕುಷ್ಟಗಿಯಿಂದ ಮರಳುತ್ತಿದ್ದೆ. ಪಕ್ಕದಲ್ಲಿ ಮಡದಿ, ಹಿಂದೆ ನಿದ್ದೆಹೋದ ಮೊಮ್ಮಗಳು. ಇಳಿಜಾರಿನ ಕೆಳಗೆ ಕುರಿಹಿಂಡೊಂದು ರಸ್ತೆ ದಾಟುತ್ತಿತ್ತು. ನಡುವೆ ಹೆಗಲ ಮೇಲೆ ಕಂಬಳಿ ಹೊತ್ತ ಹುಡುಗ. ಬ್ರೇಕಿನ ಮೇಲೆ ಕಾಲಿಟ್ಟೆ. ಪೆಡಲು ಯಾವ ತಡೆಯೂ ಇಲ್ಲದೆ ನೆಲಕ್ಕೆ ತಾಗಿತು. ಗೇರು ಇಳಿಸಿ, ಕೈಬ್ರೇಕನ್ನು ಎಳೆದೆ. ಹುಡುಗನಿಂದ ನಾಲ್ಕು ಮಾರು ಈಚೆಗೆ ಗಾಡಿ ನಿಂತಿತು. ಅವನು ನಮ್ಮತ್ತ ನೋಡಿ ನಕ್ಕು, ಕುರಿಗಳನ್ನು ಅಟ್ಟಿಕೊಂಡು ಹೋದ. ನಡೆದದ್ದೇನೆಂಬುದು ಅವನಿಗೆ ತಿಳಿಯಲೇ ಇಲ್ಲ.

ತಪ್ಪು ನನ್ನದೇ ಆಗಿತ್ತು. ತಿಂಗಳ ಹಿಂದೆ ಬ್ರೇಕನ್ನು ನಾನೇ ಬಿಚ್ಚಿ ಜೋಡಿಸಿ, ನೆರೆಯವರೆದುರು ಜಂಬ ಕೊಚ್ಚಿಕೊಂಡಿದ್ದೆ. ಈ ಕಾರಿನ ಗಾಲಿಯೊಳಗೆ ಡೋಲಿನಂಥ ಕಬ್ಬಿಣದ ಡ್ರಮ್ಮು; ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳು. ಪೆಡಲನ್ನು ಒತ್ತಿದಾಗ ಕೊಳವೆಯಲ್ಲಿನ ಬ್ರೇಕ್ ದ್ರವ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ಷೂಗಳು ಅಗಲಿ ತಿರುಗುವ ಡ್ರಮ್ಮನ್ನು ಒಳಗಿನಿಂದ ಅದುಮಿ ಹಿಡಿಯುತ್ತವೆ. ದ್ರವ ಸೋರದಂತೆ ಕಾಯುವುದು ರಬ್ಬರಿನ ಒಂದು ಪುಟ್ಟ ಬಟ್ಟಲು. ಅದನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದಿದ್ದೆ! ಸೀಮೆಎಣ್ಣೆ, ಪೆಟ್ರೋಲು, ಗ್ರೀಸು ತಾಗಿದರೆ ಆ ರಬ್ಬರು ಊದಿ ಕೆಡುತ್ತದೆ. ಹಳೆಯ ಗಾಡಿಗಳಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ದ್ರವದ ಜಾಡು. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕಿಲ್ಲ. ಅಂದು ನಮ್ಮನ್ನು ಕಾಪಾಡಿದ್ದು, ದ್ರವದ ಹಂಗಿಲ್ಲದೆ ತಂತಿಯ ಮೂಲಕ ಹಿಂದಿನ ಗಾಲಿಗಳನ್ನು ಹಿಡಿಯುವ ಕೈಬ್ರೇಕು.

ಆಮೇಲೆ ಗಂಗಾವತಿಯ ವೃದ್ಧ ಮೇಸ್ತ್ರಿಯೊಬ್ಬರ ಬಳಿ ಶಿಷ್ಯನಾಗಿ ಕುಳಿತೆ. ಅವರು ಹೇಳಿಕೊಟ್ಟದ್ದರಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯನ್ನು ನಂಬಬಾರದು. ನಮ್ಮ ಎರೆಮಣ್ಣಿನಲ್ಲಂತೂ ಅದು ಕುಸಿಯುತ್ತದೆ. ಅಡಿಗೆ ಹಲಗೆ, ಮೇಲೆ ಗಟ್ಟಿಯಾದ ಊರೆ, ನೆಲದ ಮೇಲಿನ ಗಾಲಿಗಳಿಗೆ ಕಲ್ಲು ಇರಬೇಕು. ಒಮ್ಮೆಗೆ ಒಂದು ಬದಿಯನ್ನಷ್ಟೇ ಬಿಚ್ಚಬೇಕು. ಸ್ಪ್ರಿಂಗು ಯಾವ ರಂಧ್ರದಲ್ಲಿತ್ತೆಂದು ಮರೆತರೆ ಬಿಚ್ಚದ ಬದಿ ನೆನಪಿಸುತ್ತದೆ. ಷೂಗಳನ್ನು ಬದಲಿಸುವುದಾದರೆ ಎಡಬಲ ಎರಡೂ ಗಾಲಿಗಳಿಗೆ ಬದಲಿಸಬೇಕು; ಇಲ್ಲವಾದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ. ರಬ್ಬರನ್ನು ತೊಳೆಯಲು ಬ್ರೇಕ್ ದ್ರವವೇ ಸರಿ. ಆ ದ್ರವ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದುವುದು, ಗಾಳಿಯಂತ್ರದಿಂದ ಹಾರಿಸುವುದು ನಮ್ಮಲ್ಲಿ ರೂಢಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ. ಅದರ ಎಳೆಗಳು ಶ್ವಾಸಕೋಶ ಸೇರಿದರೆ ದಶಕಗಳ ಬಳಿಕವೂ ಕ್ಯಾನ್ಸರನ್ನು ತರಬಲ್ಲವು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಹತ್ತಿರ ಮಕ್ಕಳಿರಕೂಡದು.

ಕಡೆಯ ಕೆಲಸ ಒಬ್ಬರಿಂದ ಆಗುವಂಥದಲ್ಲ. ಕೊಳವೆಯಲ್ಲಿ ಸಿಕ್ಕಿದ ಗಾಳಿಯನ್ನು ಹೊರದೂಡಲು ಒಬ್ಬರು ಪೆಡಲನ್ನು ಒತ್ತಬೇಕು, ಮತ್ತೊಬ್ಬರು ಗಾಲಿಯ ಬಳಿ ತಿರುಪನ್ನು ಸಡಿಲಿಸಬೇಕು. ತಿರುಪು ಬಿಗಿಯಾಗುವವರೆಗೆ ಪೆಡಲಿನಿಂದ ಕಾಲು ತೆಗೆಯಬಾರದು. ದೂರದ ಗಾಲಿಯಿಂದ, ಎಂದರೆ ಹಿಂದಿನ ಎಡಗಾಲಿಯಿಂದ ಮೊದಲುಮಾಡಬೇಕು. ನನ್ನ ಮನೆಯಲ್ಲಿ ಪೆಡಲಿನ ಅಧಿಕಾರ ಮಡದಿಯದು. "ಒತ್ತು", "ಹಿಡಿ", "ಬಿಡು" ಎಂದು ನಾನು ಕೆಳಗಿನಿಂದ ಕೂಗುತ್ತೇನೆ. ಆ ಘಟನೆಯಾದ ಮೇಲೆ ಮೊದಲ ಬಾರಿಗೆ ಈ ಕೆಲಸಕ್ಕೆ ಕೂತಾಗ ಆಕೆ ಕಾಲಿಡುವ ಮುನ್ನ ಕೇಳಿದಳು: "ಈ ಸಲ ರಬ್ಬರನ್ನು ಯಾವುದರಲ್ಲಿ ತೊಳೆದಿರಿ?" ವಿದ್ಯಾರ್ಥಿಗಳು ಕೇಳಿದ ಯಾವ ಪ್ರಶ್ನೆಗೂ ನಾನು ಅಷ್ಟು ವಿನಯದಿಂದ ಉತ್ತರಿಸಿದ್ದಿಲ್ಲ.

ಎತ್ತಿನ ಗಾಡಿ ಇಳಿಜಾರಿಗೆ ಬಂದಾಗ ಭಾರವೆಲ್ಲ ನೊಗವಾಗಿ ಎತ್ತಿನ ಕೊರಳಿಗೆ ಬರುತ್ತದೆ. ಹೊಡೆಯುವವನಿಗೆ ಅದು ಕಣ್ಣಿಗೆ ಕಾಣುತ್ತದೆ. ಯಂತ್ರದಲ್ಲಿ ಆ ಭಾರವನ್ನು ಹೊರುವುದು ಕಣ್ಣಿಗೆ ಕಾಣದ ಒಂದು ರಬ್ಬರಿನ ತುಣುಕು. ಅರೆತಿಳಿವಳಿಕೆಯವನು ಅದನ್ನು ಮುಟ್ಟಬಾರದು. ತಿಳಿದವನು ಮುಟ್ಟಿದ ಮೇಲೆ ಬಯಲಿನಲ್ಲಿ ಮೆಲ್ಲಗೆ ಓಡಿಸಿ, ನಾಲ್ಕಾರು ಸಲ ನಿಲ್ಲಿಸಿ ನೋಡದೆ ದಾರಿಗಿಳಿಯಬಾರದು. ಕುಷ್ಟಗಿಯ ದಾರಿಯಲ್ಲಿ ಆ ಇಳಿಜಾರು ಬಂದಾಗಲೆಲ್ಲ, ಕುರಿಗಳಿರಲಿ ಇಲ್ಲದಿರಲಿ, ನನ್ನ ಕಾಲು ತಾನಾಗಿಯೇ ಪೆಡಲನ್ನೊಮ್ಮೆ ಮುಟ್ಟಿ ನೋಡುತ್ತದೆ.