ಮಳೆಯ ಲೆಕ್ಕ, ಬೆಟ್ಟದ ಲೆಕ್ಕ



ಬಾಗಲೂರಿನಲ್ಲಿ ಮಳೆ ಸುರಿಯುವಾಗ ಯಲಹಂಕದ ರಸ್ತೆ ಒಣಗಿಯೇ ಇರುವುದುಂಟು. ಈ ವ್ಯತ್ಯಾಸವನ್ನು ಅಳೆಯುವ ಕೇಂದ್ರವೂ ಯಲಹಂಕದಲ್ಲೇ ಇದೆ. 1988ರಲ್ಲಿ ಬರದ ಮೇಲೆ ನಿಗಾ ಇಡಲೆಂದು ಆರಂಭವಾದ ಘಟಕವೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಲ್ಲಿಗೆ ಅಂಕಿ ಕಳುಹಿಸುವಂತೆ ರೂಪಿಸಲಾಗಿದೆ. 1 ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು.

ಮುಂಗಾರು ಖಂಡದಷ್ಟು ವಿಶಾಲವಾದುದು. ದೇಶಕ್ಕೆ ವಾಡಿಕೆ ಮಳೆಯೆಂಬ ಮುನ್ಸೂಚನೆ ನಿಜವಾದ ವರ್ಷದಲ್ಲೂ ಒಂದು ಹೋಬಳಿಯ ರಾಗಿ ಒಣಗಬಹುದು. ಬಿತ್ತುವವನಿಗೆ ಬೇಕಾದುದು ತನ್ನ ಹೊಲದ, ನಾಳಿನ ಮಾತು.

ಬೆಟ್ಟದಲ್ಲಿ ತೊಡಕು ಇನ್ನೂ ಹೆಚ್ಚು. ಮಾಪಕವಿರುವುದು ತಗ್ಗಿನಲ್ಲಾದರೆ ನೆತ್ತಿಯ ಮಳೆ ಲೆಕ್ಕಕ್ಕೇ ಸಿಗದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡುಗಳ ಕಡೆ ಗುಡ್ಡ ಜಾರಿದ್ದು ಕೇವಲ ಒಂದು ದಿನದ ಮಳೆಯಿಂದಲ್ಲ. ವಾರಗಟ್ಟಲೆ ನೆನೆದ ಇಳಿಜಾರಿನ ಮೇಲೆ ಮತ್ತೆ ಭಾರೀ ಮಳೆ ಬಿದ್ದಿತ್ತು. ಕಡಿದು ಸಮಮಾಡಿದ ಗುಡ್ಡಗಳ ಪಾಲೂ ಅದರಲ್ಲಿತ್ತೆಂಬುದನ್ನು ಮರೆಯಲಾಗದು. ಆದ್ದರಿಂದ ಅಂದಿನ ಅಂಕಿಗೆ ಹಿಂದಿನ ದಿನಗಳ ಮೊತ್ತವನ್ನೂ ಕೂಡಿಸಿ ನೋಡಬೇಕು. ಶಾಲೆಯ ಬಯಲಿನಲ್ಲಿ, ಮರದ ನೆರಳಿನಿಂದ ದೂರ, ಸಾದಾ ಮಾಪಕವೊಂದನ್ನಿಟ್ಟು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು ಬರೆದಿಡುವುದು ವಿದ್ಯಾರ್ಥಿಗಳಿಗೆ ಸಾಧ್ಯವಾದ ಕೆಲಸ. ರಜೆಯ ದಿನಗಳಲ್ಲಿ ಮಾತ್ರ ಯಾರು ಅಳೆಯುವರೆಂಬುದನ್ನು ಊರಿನವರು ಈಗಲೇ ಗೊತ್ತುಮಾಡಿಕೊಳ್ಳಬೇಕು.